ಬೆಂಗಳೂರಿನ ಶನಿವಾರದ ಅತಿಥಿಗಳಿಗೆ ಕೋಲಾರದಿಂದ ಒಂದು ಕಾಗದ

ಮಾನ್ಯ ಚಾರಣಿಗರೇ,

ನಾವು ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ಕೇಳುವ ಹಳೆಯ ಪದ್ಧತಿ ನಮಗೀಗ ಬೇಕಿಲ್ಲ. ನೀವು ಬೆಳಿಗ್ಗೆ ಎದ್ದಿರಿ, ಮಿಂದಿರಿ, ಬಟ್ಟೆ ಒಗೆದಿರಿ, ಪಾತ್ರೆ ತೊಳೆದಿರಿ ಎಂಬ ಸಮಾಚಾರವೆಲ್ಲ ಕೊಳವೆಯ ಮೂಲಕ ದಿನವೂ ನಮ್ಮ ಕೆರೆಗಳಿಗೆ ತಲುಪುತ್ತಿದೆ. ಆ ಮಾತು ಮುಂದೆ ಬರುತ್ತದೆ. ಮೊದಲು ಬೆಟ್ಟದ ವಿಚಾರ.

ಶನಿವಾರ ಮಧ್ಯರಾತ್ರಿ ಸುಮಾರು 70 ಕಿ.ಮೀ. ಹೆದ್ದಾರಿ ಸವೆಸಿ, ಹಣೆಗೆ ದೀಪ ಕಟ್ಟಿಕೊಂಡು ನೀವು ನಮ್ಮ ಶತಶೃಂಗ ಬೆಟ್ಟಕ್ಕೆ ಬರುತ್ತೀರಿ. ಬಹಳ ಸಂತೋಷ. ನೀವು ಬರುವ ಮುಂಚೆ ಅದು ನಮಗೆ ಬರೀ ಬೆಟ್ಟವಾಗಿತ್ತು. ಬಂದರೆ ಗಿಡ, ಕಾರೆ ಮುಳ್ಳು, ಲಂಟಾನ, ನಡುವೆ ಮೇಕೆ, ಮೇಕೆಯ ಹಿಂದೊಬ್ಬ ಮುದುಕ. ಅದು ‘ಸಬ್‌ಟ್ರಾಪಿಕಲ್ ಅರಣ್ಯ’ ಎಂದೂ, ಅದರ ಮಡಿಲಲ್ಲಿರುವುದು ‘ನ್ಯಾಚುರಲ್ ಸ್ಪ್ರಿಂಗ್’ ಎಂದೂ, ಮೇಲಿನವು ‘ಜ್ವಾಲಾಮುಖಿ ಗುಹೆಗಳು’ ಎಂದೂ ನಿಮ್ಮ ಜಾಹೀರಾತುಗಳಿಂದಲೇ ನಮಗೆ ತಿಳಿದದ್ದು. ಜ್ವಾಲಾಮುಖಿಯ ವಿಷಯದಲ್ಲಿ ಮಾತ್ರ ಸ್ವಲ್ಪ ತಕರಾರಿದೆ. ಅದು ನಮ್ಮ ಕಡೆಯ ಸಾಧಾರಣ ಗ್ರಾನೈಟ್. ಬಿಸಿಲು ಮಳೆಗೆ ಬಿರುಕು ಬಿಟ್ಟು, ಉರುಳಿ, ಒಂದರ ಮೇಲೊಂದು ಕೂತ ಗುಂಡುಗಳ ಸಂದಿಗೆ ನೀವು ಗುಹೆ ಎನ್ನುತ್ತಿದ್ದೀರಿ. ಆದರೂ ತಲೆಗೆ ಇಷ್ಟು ಎಂದು ದುಡ್ಡು ಕೊಟ್ಟು ಬಂದವರಿಗೆ ಒಂದು ಜ್ವಾಲಾಮುಖಿಯಾದರೂ ಬೇಡವೇ? ಇರಲಿ ಬಿಡಿ.

ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಯಾಣಿ. ಅಲ್ಲಿ ಕಲ್ಲು ಬಸವಣ್ಣನ ಬಾಯಿಂದ ಹಗಲೂ ರಾತ್ರಿ ಬೀಳುವ ನೀರೇ ಅಂತರಗಂಗೆ. ಪರಶುರಾಮನಿಗೂ ಕಾರ್ತವೀರ್ಯಾರ್ಜುನನಿಗೂ ಯುದ್ಧವಾಗಿ ಎದ್ದ ಕೋಲಾಹಲವೇ ಕೋಲಾರವಾಯಿತೆಂದು ನಮ್ಮ ಹಿರಿಯರು ಕಥೆ ಹೇಳುತ್ತಾರೆ. ಕೋಲಾಹಲದ ಊರಿನ ತಲೆಯ ಮೇಲೆ ಇಷ್ಟು ಸದ್ದಿಲ್ಲದ ನೀರು ಹೇಗೆ ಬಂತೋ! ಭಕ್ತರು ಕಾಶಿಯ ಗಂಗೆಯೇ ನೆಲದೊಳಗಿಂದ ಬರುತ್ತಾಳೆ ಎನ್ನುತ್ತಾರೆ, ಕಾರ್ತಿಕ ಸೋಮವಾರ ಸಾಲುಗಟ್ಟುತ್ತಾರೆ. ಭೂಗರ್ಭ ಶಾಸ್ತ್ರ ಬಲ್ಲವರನ್ನು ಕೇಳಿದರೆ ಗಂಗೆಗೆ ಅಷ್ಟು ದೂರದ ಪ್ರಯಾಣ ಬೇಕಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಹುಲ್ಲು, ಪೊದೆ, ತೆಳು ಮಣ್ಣಿನಲ್ಲಿ ತಡೆದು ನಿಂತು ಬಂಡೆಯ ಬಿರುಕಿಗೆ ಇಳಿಯುತ್ತದೆ. ಬಿರುಕಿನಿಂದ ಬಿರುಕಿಗೆ ನಿಧಾನವಾಗಿ ಸಾಗಿ, ಇಳಿಜಾರು ಆ ಬಿರುಕನ್ನು ಕತ್ತರಿಸಿದ ಕಡೆ ಹೊರಗೆ ಬರುತ್ತದೆ. ಬಸವಣ್ಣ ಬರೀ ನಲ್ಲಿ, ಟ್ಯಾಂಕು ಇಡೀ ಬೆಟ್ಟ. ನೀವು ಸೆಲ್ಫಿ ತೆಗೆದುಕೊಳ್ಳುವುದು ನಲ್ಲಿಯ ಜೊತೆ. ಬೆಂಕಿ ಹಾಕುವುದು ಟ್ಯಾಂಕಿಗೆ. ಬೇಸಿಗೆಯಲ್ಲಿ ಬೆಟ್ಟದ ಒಣ ಹುಲ್ಲಿಗೆ ಒಂದು ಸಿಗರೇಟಿನ ತುಂಡು, ಒಂದು ‘ಕ್ಯಾಂಪ್ ಫೈರ್’ ಸಾಕು. ಹುಲ್ಲು ಸುಟ್ಟ ಜಾಗದಲ್ಲಿ ಮುಂದಿನ ಮಳೆ ಬಂಡೆಯೊಳಗೆ ಇಳಿಯದೆ ಮಣ್ಣನ್ನೂ ಬಾಚಿಕೊಂಡು ಕೆಳಗೆ ಓಡುತ್ತದೆ. ಹಾಡಿನ ಮಧ್ಯೆ ಇದೆಲ್ಲ ನಿಮಗೆ ನೆನಪಾಗಬೇಕೆಂದು ನಾವು ನಿರೀಕ್ಷಿಸುವುದು ತಪ್ಪು.

ಈ ಬಸವಣ್ಣ ನಮಗೇಕೆ ಇಷ್ಟು ದೊಡ್ಡವನು ಎಂಬುದು ಕಾವೇರಿ ಕುಡಿಯುವ ನಿಮಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಗ್ನಿ ಎಂದು ಹೆಸರುಗಳೇನೋ ಇವೆ, ಭೂಪಟದಲ್ಲಿ ನೀಲಿ ಗೆರೆಗಳೂ ಇವೆ. ಒಳ್ಳೆಯ ಮಳೆಯಾದ ವರ್ಷ ಅವು ಮೈದೋರುತ್ತವೆ, ಉಳಿದ ವರ್ಷ ಮರಳು ಸಾಗಿಸುವವರಿಗೆ ಉಪಕಾರಿ. ನಮ್ಮ ಹಿರಿಯರು ಇದನ್ನು ತಿಳಿದೇ ಕೆರೆಯ ಕೆಳಗೆ ಕೆರೆ ಕಟ್ಟಿದರು. ಮೇಲಿನದು ಕೋಡಿ ಬಿದ್ದರೆ ಕೆಳಗಿನದು ತುಂಬಬೇಕು, ತೂಬು ಎತ್ತಲು ಊರಿಗೊಬ್ಬ ನೀರುಗಂಟಿ ಇರಬೇಕು. ಆಮೇಲೆ ನಾವು ಬುದ್ಧಿವಂತರಾದೆವು. ಕೆರೆಯ ಅಂಗಳದಲ್ಲೂ ಗೋಮಾಳದಲ್ಲೂ ನೀಲಗಿರಿ ನೆಟ್ಟೆವು, ಕಾಲುವೆ ಮುಚ್ಚಿ ಸೈಟು ಮಾಡಿದೆವು, ನೀರುಗಂಟಿಯನ್ನು ಮನೆಗೆ ಕಳಿಸಿ ಬೋರ್‌ವೆಲ್ ಲಾರಿಯನ್ನು ಕರೆದೆವು. ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿ ಪಾಯಿಂಟ್ ತೋರಿಸುವವರು ತೋರಿಸಿದಲ್ಲೆಲ್ಲ ಕೊರೆದು 1500 ಅಡಿಗೆ ಇಳಿದೆವು. ಬರೀ ಧೂಳು ಬಂದರೆ ಸಾಲ, ನೀರು ಬಂದರೆ ಫ್ಲೋರೈಡು. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಕಂದು ಹಲ್ಲಿನ ಮಕ್ಕಳು ನಕ್ಕರೆ ಆ ನೀರಿನ ಲ್ಯಾಬ್ ರಿಪೋರ್ಟು ಬೇರೆ ಓದಬೇಕಿಲ್ಲ. ಈಗ ಊರೂರಿಗೂ ಶುದ್ಧ ನೀರಿನ ಘಟಕವಿದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಇಂಥ ಜಿಲ್ಲೆಯಲ್ಲಿ ನಾಣ್ಯ ಕೇಳದ, ಕರೆಂಟು ಕೇಳದ, ಟೆಂಡರು ಕರೆಯದ ನೀರು ಎಂದರೆ ಬಸವಣ್ಣನ ಬಾಯಿಯದು.

ನೀವು ಅದನ್ನು ಬಾಟಲಿಗೆ ಹಿಡಿದು ಕುಡಿದು, ‘ವಾವ್, ಎಷ್ಟು ಪ್ಯೂರ್!’ ಎಂದು, ಖಾಲಿ ಬಾಟಲಿಯನ್ನು ಅಲ್ಲೇ ಬಂಡೆಯ ಸಂದಿಗೆ ಅರ್ಪಿಸಿ ಇಳಿಯುತ್ತೀರಿ. ನಿಮ್ಮ ದೊಡ್ಡ ಮನಸ್ಸು. ಕೋತಿಗಳಿಗೆ ಚಿಪ್ಸ್ ಕೊಟ್ಟು ಅವುಗಳಿಗೂ ನಗರದ ನಾಲಿಗೆ ಕಲಿಸಿದ್ದೀರಿ, ಈಗ ಗುಡಿಗೆ ಬರುವ ಅಜ್ಜಿಯರ ಹಣ್ಣುಕಾಯಿಯ ಚೀಲ ಕಂಡರೆ ಅವು ತೆರಿಗೆ ಅಧಿಕಾರಿಗಳ ಹಾಗೆ ಎರಗುತ್ತವೆ. ಬಂಡೆಗಳ ಮೇಲೆ ಬಿಳಿ ಬಣ್ಣದಲ್ಲಿ ನಿಮ್ಮ ಪ್ರೇಮವನ್ನೂ ದಾಖಲಿಸಿದ್ದೀರಿ. ಜಿಲ್ಲೆಯ ಶಾಸನಗಳನ್ನು ಓದಲು ಸಾವಿರ ವರ್ಷದ ಮೇಲೆ ಬರುವ ವಿದ್ವಾಂಸರು ಆ ಬಾಣ ನಾಟಿದ ಹೃದಯ ಯಾವ ರಾಜವಂಶದ ಲಾಂಛನವೆಂದು ತಲೆ ಕೆರೆದುಕೊಳ್ಳಲಿ.

ಇದಕ್ಕೆಲ್ಲ ನಾವು ಬೇಸರ ಮಾಡಿಕೊಂಡಿಲ್ಲ. ನಮ್ಮ ನಿಮ್ಮ ಕೊಡುಕೊಳ್ಳುವಿಕೆ ಇಂದಿನದಲ್ಲ. ಲೆಕ್ಕ ತೆಗೆದರೆ ಉದ್ದವಾಗುತ್ತದೆ, ಕೆಲವನ್ನಷ್ಟೇ ನೆನಪಿಸುತ್ತೇನೆ. ಶಿವನಸಮುದ್ರದ ಕರೆಂಟು 1902ರಲ್ಲೇ ನಮ್ಮ ಚಿನ್ನದ ಗಣಿಗೆ ಬಂತು, ನಿಮ್ಮ ಬೀದಿಗೆ ದೀಪ ಹತ್ತಿದ್ದು 1905ರಲ್ಲಿ. ಆ ಮೂರು ವರ್ಷದ ಜಂಬವನ್ನು ನಾವು ಇಂದಿಗೂ ಅನುಭವಿಸುತ್ತಿದ್ದೇವೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ತೆಗೆದ ಚಿನ್ನ ಎಲ್ಲೆಲ್ಲಿಗೋ ಹೋಯಿತು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಉಳಿದದ್ದು ಸಯನೈಡ್ ದಿಬ್ಬಗಳು. ಮಾಲೂರಿನ ಮಣ್ಣು ಇಟ್ಟಿಗೆಯಾಗಿ, ಹೆಂಚಾಗಿ ನಿಮ್ಮ ಗೋಡೆಗೂ ಮಾಡಿಗೂ ಏರಿತು. ಟೇಕಲ್ಲಿನ ಬಂಡೆಗಳು ಜಲ್ಲಿಯಾಗಿ ನಿಮ್ಮ ಮೇಲುಸೇತುವೆಯೊಳಗೆ ಸೇರಿದವು. ಮಳೆ ಇಳಿಯುವ ಬಿರುಕುಗಳ ಸಮೇತ ಬೆಟ್ಟವೇ ಲಾರಿ ಹತ್ತಿದ ಮೇಲೆ ಅಲ್ಲಿ ಇನ್ನೊಂದು ಅಂತರಗಂಗೆಯನ್ನು ಯಾರೂ ಹುಡುಕಬೇಕಿಲ್ಲ. ಕೋಲಾರದ ಟೊಮೆಟೊ, ಹಾಲು, ರೇಷ್ಮೆ ಸರಿಯೇ ಸರಿ. ಶ್ರೀನಿವಾಸಪುರದ ಮಾವಂತೂ ಬರೀ ಮಳೆಯನ್ನು ನಂಬಿಕೊಂಡು ಬೆಳೆದು ನಿಮ್ಮ ಜ್ಯೂಸಿಗೆ ಬರುತ್ತದೆ. ಬೆಳಗಿನ ಬಂಗಾರಪೇಟೆ ರೈಲಿನಲ್ಲಿ ನೇತಾಡಿಕೊಂಡು ನಮ್ಮ ಹುಡುಗರೂ ಬರುತ್ತಾರೆ.

ಒಮ್ಮೆ ಮಾತ್ರ ನಾವು ಕರೆಯದೆ ಬಂದು ನಿಮಗೆ ತೊಂದರೆ ಕೊಟ್ಟೆವು. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿ ಬೇಕೆಂದು ಕೋಲಾರ, ಚಿಕ್ಕಬಳ್ಳಾಪುರದ ರೈತರು ಟ್ರ್ಯಾಕ್ಟರ್ ಏರಿ ರಾಜಧಾನಿಯ ಕಡೆ ಹೊರಟರು. ವಿಮಾನ ನಿಲ್ದಾಣದ ರಸ್ತೆ ಜಾಮ್ ಆಯಿತು, ಪೊಲೀಸರು ಲಾಠಿ ಬೀಸಿದರು. ಅಂದು ಕ್ಯಾಬಿನಲ್ಲಿ ಕೂತು ಬೆವರಿದವರಲ್ಲಿ ನೀವೂ ಇದ್ದರೆ ಕ್ಷಮೆ ಇರಲಿ. ನೀರು ಕೇಳುವುದಕ್ಕೆ ನಿಮ್ಮ ಹಾಗೆ ಮಧ್ಯರಾತ್ರಿ, ಹಣೆಗೆ ದೀಪ ಕಟ್ಟಿಕೊಂಡು ಬರಬೇಕಿತ್ತು ಎಂಬುದು ನಮಗೆ ಆಗ ಹೊಳೆಯಲಿಲ್ಲ.

ಸರ್ಕಾರ ಕೈಬಿಡಲಿಲ್ಲ. ಕೊಟ್ಟಿತು, ನಿಮ್ಮದನ್ನೇ ಕೊಟ್ಟಿತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ, ದಿನಕ್ಕೆ 44 ಕೋಟಿ ಲೀಟರಿನಂತೆ ಮೇಲೆತ್ತಿ, 126 ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಿದ್ದಾಗ ಜನ ಪೂಜೆ ಮಾಡಿದರು. ಎಷ್ಟೋ ವರ್ಷ ಬಿರಿದ ಕೆರೆ ನೋಡಿದವರು ಇನ್ನೇನು ಮಾಡಿಯಾರು? ಜುಲೈನಲ್ಲಿ ಅದೇ ನೀರು ಬೆಳ್ಳಂದೂರಿನ ಪರಿಚಯ ಹೇಳಿಕೊಂಡಿತು: ಬಿಳೀ ನೊರೆ. ನೊರೆ ನೋಡಲು ನೀವು ಬೆಳ್ಳಂದೂರಿಗೆ ಹೋಗುತ್ತಿದ್ದಿರಿ, ನಮಗೆ ಮನೆಬಾಗಿಲಿಗೇ ಬಂತು. ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಕೋರ್ಟಿಗೆ ಹೋದರು, ಹೈಕೋರ್ಟು ತಡೆಯಿತು, ಬಿಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಿತು, ಅದೂ ತೆರವಾಯಿತು. ನೀರು ಹರಿಯಿತು.

ಇಲ್ಲಿ ಸುಳ್ಳು ಬರೆಯಬಾರದು. ಕೆರೆ ತುಂಬಿದವು. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಕಂಡಿತು, ಬೀಳು ಬಿಟ್ಟ ಹೊಲ ಹಸಿರಾಯಿತು. ಕೊಳಚೆ ಎಂದು ಮೂಗು ಮುಚ್ಚಿಕೊಂಡು ಅದನ್ನು ವಾಪಸು ಕಳಿಸಿ ಎಂದರೆ ಇಲ್ಲಿನ ರೈತರೇ ನನ್ನನ್ನು ಅಟ್ಟಿಸಿಕೊಂಡು ಬಂದಾರು. ನಮ್ಮವರು ಕೇಳುತ್ತಿರುವುದು ಇಷ್ಟೇ: ಎರಡು ಹಂತದ ಮೇಲೆ ಮೂರನೆಯದೂ ಮಾಡಿ ಕಳಿಸಿ. ಏಕೆಂದರೆ ಕೆರೆಯ ನೀರು ಕೆರೆಯಲ್ಲೇ ಕೂರುವುದಿಲ್ಲ, ನೆಲಕ್ಕೆ ಇಂಗುತ್ತದೆ. ಇಂಗಿದ್ದನ್ನೇ ನಾವು ಬೋರ್‌ವೆಲ್ಲಿನಿಂದ ಎತ್ತಿ ಕುಡಿಯುತ್ತೇವೆ. ಅದರಲ್ಲೇ ಬೆಳೆದ ಸೊಪ್ಪು, ಟೊಮೆಟೊ ಮತ್ತೆ ನಿಮ್ಮ ತಟ್ಟೆಗೇ ಬರುತ್ತದೆ. ಹೀಗಾಗಿ ಇದು ನಿಮ್ಮ ಆರೋಗ್ಯದ ಪ್ರಶ್ನೆ. ನಮ್ಮದಾಗಿದ್ದರೆ ನಿಮ್ಮನ್ನು ಇಷ್ಟು ತೊಂದರೆಪಡಿಸುತ್ತಿರಲಿಲ್ಲ.

ಪಶ್ಚಿಮ ಘಟ್ಟದಿಂದ ಎತ್ತಿನಹೊಳೆ ಯೋಜನೆಯ ನೀರು ಬರುತ್ತದಲ್ಲ ಎನ್ನುತ್ತೀರಿ. ಖಂಡಿತ. 2014ರಲ್ಲಿ ಅಡಿಗಲ್ಲು ಬಿತ್ತು, ಖರ್ಚಿನ ಅಂದಾಜು ಹತ್ತಿಪ್ಪತ್ತು ಸಾವಿರ ಕೋಟಿಗಳ ಮೆಟ್ಟಿಲು ಹತ್ತಿತು, 2024ರ ಸೆಪ್ಟೆಂಬರ್ 6ರಂದು ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಬಾಗಿನ ಕೊಟ್ಟು ಪಂಪು ಒತ್ತಿದರು. ಎತ್ತಿದ ನೀರನ್ನು ಸದ್ಯಕ್ಕೆ ವೇದಾವತಿಗೆ ಬಿಟ್ಟು ವಾಣಿ ವಿಲಾಸ ಸಾಗರದ ಕಡೆ ಕಳಿಸಿದರು. ಚಿತ್ರದುರ್ಗದವರಿಗೂ ಬಾಯಾರಿಕೆ ಇದೆ, ಕುಡಿಯಲಿ. ನಮಗೆ ಕಾಯುವ ಅಭ್ಯಾಸವಿದೆ. ಮುಳಬಾಗಿಲಿನ ನರಸಿಂಹ ತೀರ್ಥದಲ್ಲಿ ಶ್ರೀಪಾದರಾಜರಿಗಾಗಿ ಗಂಗೆಯೇ ಬಂದಳೆಂದು ಹೇಳುತ್ತಾರೆ. ಅವರಿಗೆ ತಪಸ್ಸು ಸಾಕಾಯಿತು. ನಮಗೆ ತಪಸ್ಸಿನ ಜೊತೆ ಪರಿಷ್ಕೃತ ಅಂದಾಜುಪಟ್ಟಿಯೂ ಬೇಕು.

ಒಂದು ವಿಚಾರ ಮಾತ್ರ ಯಾವ ಅಂದಾಜುಪಟ್ಟಿಯಲ್ಲೂ ಬರಲಿಲ್ಲ. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ತಾವಾಗಿಯೇ ಕೋಡಿ ಬಿದ್ದವು. ಪಶ್ಚಿಮ ಘಟ್ಟದಿಂದ ಕೊಳವೆ ಎಳೆದಿರಲಿಲ್ಲ. ಹಿರಿಯರು ಕಟ್ಟಿದ ಏರಿಯೂ ಕಾಲುವೆಯೂ ಉಳಿದ ಕಡೆ ನೀರು ನಿಂತಿತು, ಒತ್ತುವರಿಯಾದ ಕಡೆ ಬಡಾವಣೆಗೆ ನುಗ್ಗಿತು. ಶತಶೃಂಗ ಬೆಟ್ಟವೂ ಅದೇ ಕೆಲಸವನ್ನೇ ಮಾಡುತ್ತಿದೆ: ಬಿದ್ದದ್ದನ್ನು ಹಿಡಿದುಕೊಳ್ಳುವುದು, ಬೇಕಾದಷ್ಟು ಬಿಡುವುದು. ಅದಕ್ಕೆ ಶಂಕುಸ್ಥಾಪನೆ ಮಾಡಿದ ಮಂತ್ರಿಯ ಹೆಸರಿನ ಕಲ್ಲೊಂದು ಇಲ್ಲದ್ದರಿಂದ ಅದರಿಂದ ಕಲಿಯುವುದು ಯಾರಿಗೂ ಲಾಭವೆನಿಸಲಿಲ್ಲ.

ಈಗ ಕೋರಿಕೆಗೆ ಬರುತ್ತೇನೆ. ಮುಂದಿನ ಶನಿವಾರ ಖಂಡಿತ ಬನ್ನಿ. ಬಸವಣ್ಣನ ಬಾಯಿಗೆ ಬಾಟಲಿ ಹಿಡಿಯಿರಿ, ಯಾರೂ ಬೇಡ ಎನ್ನುವುದಿಲ್ಲ. ಕುಡಿದ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಇಳಿಯಿರಿ, ಬೆಂಕಿ ಹಾಕಬೇಡಿ, ಕೋತಿಗಳ ಹೊಟ್ಟೆ ಅವಕ್ಕೇ ಬಿಡಿ. ಹೋಗುವಾಗ ಹೆದ್ದಾರಿಯಿಂದ ಸ್ವಲ್ಪ ಒಳಗೆ ತಿರುಗಿ ಲಕ್ಷ್ಮೀಸಾಗರ ಕೆರೆಯ ಏರಿಯ ಮೇಲೆ ನಿಂತು ಅಲ್ಲಿಯೂ ಒಂದು ಬಾಟಲಿ ತುಂಬಿಸಿಕೊಳ್ಳಿ. ಅದು ನಿಮ್ಮದೇ ನೀರು, ಸಂಕೋಚ ಬೇಡ. ಅದನ್ನು ನಿಮ್ಮ ಕ್ಷೇತ್ರದ ಶಾಸಕರ ಮೇಜಿನ ಮೇಲಿಟ್ಟು, ಎರಡು ಹಂತದ ಶುದ್ಧೀಕರಣ ಸಾಕೆನ್ನುವುದಾದರೆ ಒಂದು ಗುಟುಕು ಕುಡಿಯಲು ಹೇಳಿ. ಕುಡಿಯದಿದ್ದರೆ ಮೂರನೇ ಹಂತದ ಘಟಕಕ್ಕೆ ಬಜೆಟ್ಟಿನಲ್ಲಿ ಹಣ ಇಡಿಸಿ. ನಾವು ಟ್ರ್ಯಾಕ್ಟರಿನಲ್ಲಿ ಬಂದು ಕೇಳಿದರೆ ನಿಮಗೆ ಆಫೀಸಿಗೆ ತಡವಾಗುತ್ತದೆ, ಆದ್ದರಿಂದ ನಮ್ಮ ಪರವಾಗಿ ನೀವೇ ಕೇಳಿ.

ಇತಿ,
ಕೊಳವೆಯ ಇನ್ನೊಂದು ತುದಿಯಿಂದ,
ಕೋಲಾರದ ಒಬ್ಬ ನಾಗರಿಕ