ಮನೆಯ ಬೆನ್ನಿಗೆ ಸೈಕಲ್

ಬ್ರಿಟನ್ನಿನಲ್ಲಿ ಬೇಸಿಗೆ ರಜೆಗೆ ಶಾಲೆ ಮುಚ್ಚಿದ್ದೇ ತಡ, ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡವರ ಸಾಲು ಎಂ5 ಹೆದ್ದಾರಿ ಹಿಡಿದು ಕಾರ್ನ್‌ವಾಲ್ ಕಡೆ ಹೊರಡುತ್ತದೆ. ಒಲೆ, ಹಾಸಿಗೆ, ಕಕ್ಕಸು ಎಲ್ಲವೂ ಜೊತೆಗಿವೆ. ಅಷ್ಟಕ್ಕೆ ತೃಪ್ತಿಯಾದರೆ ಅದು ರಜೆ ಹೇಗಾದೀತು? ಎರಡು ಸೈಕಲ್ಲೂ ಬೇಕು. ಜಗಳ ಶುರುವಾಗುವುದು ಅಲ್ಲಿಂದ: ಅವನ್ನು ಕಟ್ಟುವುದೆಲ್ಲಿ?

ಸೈಕಲ್ಲಿಗೂ ಇಂಥ ರಜೆಗೂ ನಂಟು ಹಳೆಯದು. 1901ರಲ್ಲಿ ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ದರ್ಜಿ ಕಟ್ಟಿದ ‘ಅಸೋಸಿಯೇಷನ್ ಆಫ್ ಸೈಕಲ್ ಕ್ಯಾಂಪರ್ಸ್’ ಸದಸ್ಯರು ಸೈಕಲ್ ಮೇಲೆ ಗುಡಾರ ಹೇರಿಕೊಂಡು ಹೋಗುತ್ತಿದ್ದರು. ಇಂದಿನ ‘ಕ್ಯಾಂಪಿಂಗ್ ಅಂಡ್ ಕ್ಯಾರವಾನಿಂಗ್ ಕ್ಲಬ್’ ಅದರದೇ ಸಂತಾನ. ಅಂದು ಮನೆ ಹೊತ್ತ ಸೈಕಲ್ಲನ್ನು ಇಂದು ಮನೆ ಹೊರುತ್ತಿದೆ, ಋಣ ತೀರಿತು. ಇನ್ನೂ ಹಿಂದೆ, 1885ರಲ್ಲಿ, ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ ‘ವಾಂಡರರ್’ ಎಂಬ ಗಾಡಿಮನೆಗೆ ಜೋಡಿ ಕುದುರೆ ಕಟ್ಟಿ ಟ್ವೈಫರ್ಡ್‌ನಿಂದ ಇನ್ವರ್ನೆಸ್‌ವರೆಗೆ ಹೋದರು. ಸೈಕಲ್ಲಿನ ಸಮಸ್ಯೆಯನ್ನು ಅವರು ಸಾಹೇಬರ ಶೈಲಿಯಲ್ಲೇ ಬಗೆಹರಿಸಿದ್ದರು: ಆಳು ಟ್ರೈಸಿಕಲ್ ತುಳಿಯುತ್ತ ಗಾಡಿಯ ಮುಂದೆ ಹೋಗುತ್ತಿದ್ದ.

ಈಗ ಆಳಿಲ್ಲ. ಕಾರಿನ ತಲೆಯ ಮೇಲೆ ಕಟ್ಟಿದರೆ, ಪಾರ್ಕಿಂಗಿನ ತಗ್ಗು ಕಮಾನು ಕಂಡಾಗ ಮೇಲಿರುವ ಸೈಕಲ್ ನೆನಪಿಗೆ ಬರಬೇಕು. ಅದು ಬರುವುದು ಸಾಮಾನ್ಯವಾಗಿ ಸದ್ದಾದ ಮೇಲೆ. ಕಾರಿನ ಹಿಂಬಾಗಿಲಿಗೆ ಕಟ್ಟಿದರೆ, ಕಡಿದಾದ ತಿರುವಿನಲ್ಲಿ ಹ್ಯಾಂಡಲ್ ನೇರ ಕ್ಯಾರವಾನಿನ ಮುಖಕ್ಕೆ. ಹೀಗಾಗಿ ಎಲ್ಲರ ಕಣ್ಣೂ ಕ್ಯಾರವಾನಿನ ಹಿಂಗೋಡೆಯ ಮೇಲೆ.

ಎತ್ತಿನ ಗಾಡಿ ಹೊಡೆದವರಿಗೆ ಇಲ್ಲಿಯ ಅಪಾಯ ಹೇಳಿಕೊಡಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಕತ್ತು ಮುರಿಯುತ್ತದೆ. ಕ್ಯಾರವಾನಿನ ಮೂತಿ ಕಾರಿನ ಕೊಂಡಿಯ ಮೇಲೆ ಹೇರುವ ಭಾರಕ್ಕೆ ‘ನೋಸ್‌ವೇಟ್’ ಅನ್ನುತ್ತಾರೆ. ಅದು ಒಟ್ಟು ತೂಕದ ಶೇ. 5ರಿಂದ 7ರಷ್ಟಿರಬೇಕು, ಕಾರಿನವರು ಹಾಕಿದ ಮಿತಿಯನ್ನೂ ಮೀರಬಾರದು. 1,400 ಕಿಲೋ ಕ್ಯಾರವಾನಿಗೆ 70ರಿಂದ 98 ಕಿಲೋ. ಕಾರು 80ಕ್ಕೇ ಸಾಕು ಅಂದರೆ 80.

ಅಳೆಯಲು ಗೇಜ್ ಸಿಗುತ್ತದೆ. ಆದರೆ ಬಚ್ಚಲಲ್ಲಿ ತೂಕದ ಯಂತ್ರ ಇರುವಾಗ ದುಡ್ಡು ಬಿಚ್ಚುವುದುಂಟೇ? ಯಜಮಾನರು ಅದನ್ನೇ ತಂದು ಅಂಗಳದಲ್ಲಿಡುತ್ತಾರೆ. ಮೇಲೊಂದು ಮರದ ತುಂಡು, ತುಂಡಿನ ಮೇಲೆ ಕ್ಯಾರವಾನಿನ ಮೂತಿ. ಮನೆಯಾಕೆ ಮುಂದಿನ ಪುಟ್ಟ ಚಕ್ರದ ಹಿಡಿ ತಿರುಗಿಸುತ್ತಾರೆ, ಚಕ್ರ ನೆಲ ಬಿಡುತ್ತದೆ. ಯಜಮಾನರು ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ಜಲ್ಲಿಗೆ ಒತ್ತಿ, ಕನ್ನಡಕ ಸರಿಪಡಿಸಿಕೊಂಡು ಅಂಕಿ ಓದುತ್ತಾರೆ: 80! ಬೆಳಿಗ್ಗೆಯಷ್ಟೇ ಅದೇ ಯಂತ್ರದ ಮೇಲೆ ತಾವು ನಿಂತಾಗ ‘ಇದು ಕೆಟ್ಟಿದೆ’ ಅಂದವರು ಇವರೇ. ಈಗ ಅದರ ಮಾತು ವೇದವಾಕ್ಯ. ಸರಿ, ಹಿಂದೆ ಎರಡು ಇ-ಬೈಕು, ರ‍್ಯಾಕು ಸೇರಿ 60 ಕಿಲೋ ಏರಿತು. ಅಚ್ಚಿನಿಂದ ರ‍್ಯಾಕಿಗೆ ಮೂರು ಮೀಟರು, ಮೂತಿಗೆ ನಾಲ್ಕು ಎಂದುಕೊಂಡರೆ ಮೂತಿಯಲ್ಲಿ 45 ಕಿಲೋ ಮಾಯ. ಯಂತ್ರದಲ್ಲಿ 35. ಹಿಂದಿನ ಬೀರುವಿನಿಂದ ಮುಂದಿನ ಪೆಟ್ಟಿಗೆಗೆ ಬೀನ್ಸ್ ಡಬ್ಬಿಗಳ ಮೆರವಣಿಗೆ ಹೊರಟಿತು. 39. ಮಡಚು ಕುರ್ಚಿಗಳು ಹೋದವು. 44. ‘ನಾನೇ ಮುಂದೆ ಕೂತ್ಕೋತೀನಿ’ ಎಂದು ಮಗ ತ್ಯಾಗಕ್ಕೆ ಸಿದ್ಧನಾದ; ಓಡುವ ಕ್ಯಾರವಾನಿನಲ್ಲಿ ಜನ ಕೂರುವುದನ್ನು ಕಾನೂನು ಒಪ್ಪುವುದಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಚಹಾದ ಮಗ್ ಹಿಡಿದು ಬೇಲಿಗೆ ಒರಗುತ್ತಾರೆ. ‘ನಾವಂತೂ ಯಾವತ್ತೂ ತೂಗಿದವರಲ್ಲ, ಏನೂ ಆಗಿಲ್ಲ.’ ಇಂಥವರಿಗೆ ಲೈಸೆನ್ಸ್ ಕೊಟ್ಟವರ ಮೇಲೆ ಸಿಟ್ಟು ಬರಬೇಕು.

ಏನೂ ಆಗದೆ ಇರುವುದಿಲ್ಲ. ಗಂಟೆಗೆ 60 ಮೈಲಿ ವೇಗದಲ್ಲಿ ದೊಡ್ಡ ಲಾರಿಯೊಂದನ್ನು ಹಾದುಹೋಗುವಾಗ ಅದರ ಗಾಳಿಗೆ ಹಿಂಭಾರದ ಕ್ಯಾರವಾನ್ ಹಾವಿನಂತೆ ಹೊರಳತೊಡಗುತ್ತದೆ, ಕೊನೆಗೆ ಕಾರನ್ನೂ ಮಗುಚಬಲ್ಲದು. ಆಗ ಆಕ್ಸಿಲರೇಟರ್ ಮೇಲಿಂದ ಕಾಲು ಮೆಲ್ಲಗೆ ತೆಗೆಯಬೇಕು, ಸ್ಟಿಯರಿಂಗ್ ನೇರ ಹಿಡಿಯಬೇಕು, ಬ್ರೇಕ್ ಒದೆಯಬಾರದು. ಸೈಕಲ್ಲು ದೀಪವನ್ನೋ ನಂಬರ್ ಪ್ಲೇಟನ್ನೋ ಮುಚ್ಚುವಂತಿಲ್ಲ. ಪ್ಲೇಟ್ ಮುಚ್ಚಿದರೆ 1,000 ಪೌಂಡ್‌ವರೆಗೆ ದಂಡ.

ಹಾಗಾದರೆ ಮುಂದೆ, ಮೂಕಿಯ ಮೇಲೇ ಕಟ್ಟೋಣವೆಂದರೆ 80 ಇದ್ದದ್ದು 130ರ ಹತ್ತಿರ ಹೋಗುತ್ತದೆ. ಅನಿಲದ ಸಿಲಿಂಡರ್ ಇರುವ ಪೆಟ್ಟಿಗೆಯ ಮುಚ್ಚಳವೂ ಏಳುವುದಿಲ್ಲ, ಚಹಾ ಬೇಕಿದ್ದರೆ ಮೊದಲು ಸೈಕಲ್ ಬಿಚ್ಚಬೇಕು.

ಹಗುರ ಸೈಕಲ್ಲಾದರೆ ಒಳಗೇ, ಅಚ್ಚಿನ ಮೇಲಿನ ನೆಲದಲ್ಲಿ ಕಂಬಳಿ ಹಾಸಿ ಮಲಗಿಸಿ ಬಿಗಿಯಾಗಿ ಕಟ್ಟುವುದು ವಾಸಿ, ಕ್ಯಾರವಾನಿನ ಒಟ್ಟು ತೂಕದ ಮಿತಿಯೊಳಗಿದ್ದರೆ. ಇ-ಬೈಕಿನ ಬ್ಯಾಟರಿ ಬಿಚ್ಚಿ ಕಾರಿನಲ್ಲಿಟ್ಟರೆ ಎರಡು ಮೂರು ಕಿಲೋ ಉಳಿತಾಯ. ಇಷ್ಟಕ್ಕೂ ಇವರೆಲ್ಲ ಸೈಕಲ್ ತುಳಿಯಲು ಹೋಗುವುದು ಕಾರ್ನ್‌ವಾಲಿನ ಕ್ಯಾಮೆಲ್ ಟ್ರೇಲ್‌ಗೆ, ಹಳಿ ಕಿತ್ತ ಹಳೆಯ ರೈಲುದಾರಿಗೆ. ಅಲ್ಲಿ ಪ್ಯಾಡ್‌ಸ್ಟೋದಲ್ಲೂ ವೇಡ್‌ಬ್ರಿಜ್‌ನಲ್ಲೂ ಸೈಕಲ್ ಬಾಡಿಗೆಗೆ ಸಿಗುತ್ತದೆ.