ಯಾವ ತಿಪ್ಪೇಸ್ವಾಮಿ, ಸ್ವಾಮೀ?

ಚಳ್ಳಕೆರೆಯ ನೆಹರು ಸರ್ಕಲ್ಲಿನಲ್ಲಿ ನಿಂತು "ತಿಪ್ಪೇಸ್ವಾಮೀ..." ಎಂದು ಒಮ್ಮೆ ಗಟ್ಟಿಯಾಗಿ ಕೂಗಿ ನೋಡಿ. ಆಟೋದವನು ಬ್ರೇಕ್ ಹಾಕುತ್ತಾನೆ. ಹೂವಿನಂಗಡಿಯವನು ತಲೆ ಎತ್ತುತ್ತಾನೆ. ಶೇಂಗಾ ಮೂಟೆ ಹೊತ್ತವನು ಮೂಟೆಸಮೇತ ತಿರುಗುತ್ತಾನೆ. ತಿಪ್ಪೇಸ್ವಾಮಿ ಅಲ್ಲದವನೂ ನಿಲ್ಲುತ್ತಾನೆ, ಯಾಕೆಂದರೆ ಅವನ ಅಪ್ಪನ ಹೆಸರೋ ಭಾವಮೈದುನನ ಹೆಸರೋ ಅದೇ ಆಗಿರುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಇದೇ ತಾಲ್ಲೂಕಿನಲ್ಲಿ ಕೂತಿರುವಾಗ, ಹರಕೆ ಹೊತ್ತು ಪಡೆದ ಮಗುವಿಗೆ ಬೇರೆ ಹೆಸರಿಡುವ ಧೈರ್ಯ ಯಾರಿಗಿದೆ? ಗಂಡಾದರೆ ತಿಪ್ಪೇಸ್ವಾಮಿ, ಹೆಣ್ಣಾದರೆ ತಿಪ್ಪಮ್ಮ, ಮುಗಿಯಿತು. ಪಕ್ಕದ ಮೊಳಕಾಲ್ಮೂರಿನದೂ ಇದೇ ಕಥೆ. 2013ರಲ್ಲಿ ಅಲ್ಲಿಂದ ವಿಧಾನಸಭೆಗೆ ಆರಿಸಿ ಹೋದವರ ಹೆಸರೇನು? ಬೇಡ ಬಿಡಿ, ನೀವೇ ಊಹಿಸಿದ್ದೀರಿ.

ಊರಿಗೆ ಇದರಿಂದ ಏನೂ ತೊಂದರೆಯಿಲ್ಲ. ಗಾಣದ ತಿಪ್ಪೇಸ್ವಾಮಿ, ಕಂಬಳಿ ತಿಪ್ಪೇಸ್ವಾಮಿ, ಬುಲೆಟ್ ತಿಪ್ಪೇಸ್ವಾಮಿ, ಕುಳ್ಳ ತಿಪ್ಪೇಸ್ವಾಮಿ ಎಂದು ವಿಂಗಡಿಸಿಕೊಂಡು ನೆಮ್ಮದಿಯಾಗಿದೆ. ಬ್ಯಾಂಕಿನ ಕಂಪ್ಯೂಟರಿಗೆ ಮಾತ್ರ ಈ ಅಡ್ಡಹೆಸರುಗಳನ್ನು ಯಾರೂ ಹೇಳಿಕೊಟ್ಟಿಲ್ಲ. ಅದು ಕೇಳುವುದು ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ವಿಳಾಸ. ಹೆಸರು ಗೊತ್ತಾಯಿತಲ್ಲ. ತಂದೆ ತಿಪ್ಪೇರುದ್ರಪ್ಪ. ಹುಟ್ಟಿದ ದಿನ ಜೂನ್ 1. ಅವ್ವನಿಗೆ ನೆನಪಿದ್ದದ್ದು "ಮಳೆ ಕೈಕೊಟ್ಟ ವರ್ಷ, ಜಾತ್ರೆ ಆದ ಮೇಲೆ" ಎಂದಷ್ಟೇ. (ಮಳೆ ಬಂದ ವರ್ಷ ಎಂದಿದ್ದರೆ ನಮ್ಮ ಸೀಮೆಯಲ್ಲಿ ಇಸವಿ ಹಿಡಿಯುವುದು ಸುಲಭವಾಗುತ್ತಿತ್ತು.) ಮೇಷ್ಟ್ರು ಶಾಲೆ ಶುರುವಾಗುವ ದಿನವನ್ನೇ ಹುಟ್ಟಿದ ದಿನ ಮಾಡಿ ಬರೆದುಕೊಂಡರು. ಇಡೀ ತರಗತಿಯೇ ಒಂದೇ ಮುಹೂರ್ತದಲ್ಲಿ ಜನಿಸಿತು. ವಿಳಾಸದ ಪಿನ್ 577522. ಇಂಗ್ಲಿಷಿನಲ್ಲಿ ಬರೆಯುವಾಗ 'ತಿ'ಗೆ ಒಬ್ಬ ಎಚ್ ಹಾಕುತ್ತಾನೆ, ಒಬ್ಬ ಬಿಡುತ್ತಾನೆ. ಒಂದು ಎಚ್‌ಗಾಗಿ ಇಬ್ಬರನ್ನು ಬೇರೆ ಮಾಡುವುದು ಕಂಪ್ಯೂಟರಿನ ಕರುಣೆಗೆ ಒಗ್ಗುವುದಿಲ್ಲ. ಪ್ಯಾನ್ ನಂಬರ್, ಮೊಬೈಲ್ ನಂಬರ್ ಸರಿಯಾಗಿದ್ದರೆ ಇಬ್ಬರೂ ಬಚಾವ್. ಅಲ್ಲಿ ಯಾವನೋ ಒಬ್ಬ ಅಂಕಿ ತಪ್ಪಿಸಿದನೋ, ಬುಲೆಟ್ ತಿಪ್ಪೇಸ್ವಾಮಿಯ ಸಾಲ ಕಂಬಳಿ ತಿಪ್ಪೇಸ್ವಾಮಿಯ ಹೆಗಲೇರಿತು.

ಅಂಥ ಒಬ್ಬ ಕಂಬಳಿ ತಿಪ್ಪೇಸ್ವಾಮಿ ಇದ್ದಾನೆ ಅಂತ ಇಟ್ಟುಕೊಳ್ಳೋಣ. ಕೈ ಎತ್ತಬೇಡಿ, ನಿಮ್ಮನ್ನಲ್ಲ. ಅವನು ಒಂದು ಗೂಡ್ಸ್ ಆಟೋ ತಗೊಳ್ಳೋಣ ಅಂತ ಸಾಲ ಕೇಳಲು ಹೋಗುತ್ತಾನೆ. ಒಳಗಿನವರು ಪರದೆ ನೋಡುತ್ತಾರೆ, ಅವನನ್ನು ನೋಡುತ್ತಾರೆ, ಮತ್ತೆ ಪರದೆ ನೋಡುತ್ತಾರೆ. "ಅಲ್ರೀ, ಕಾರಿನ ಸಾಲವೇ ಕಟ್ಟಿಲ್ಲ, ಈಗ ಆಟೋ ಬೇರೆ ಬೇಕಾ?" ಜೀವಮಾನದಲ್ಲಿ ಅವನು ಕಾರಿನ ಮುಂದಿನ ಸೀಟಿನಲ್ಲಿ ಕೂತದ್ದು ಒಂದೇ ಸಲ, ತನ್ನ ಮದುವೆ ದಿನ. ಅದೂ ಬಾಡಿಗೆಯದು.

ಮುಂದಿನ ಅಧಿವೇಶನ ಮಂಡಕ್ಕಿ ಮೆಣಸಿನಕಾಯಿ ಅಂಗಡಿಯಲ್ಲಿ. ನಮ್ಮ ಕಡೆ ಕಾನೂನು ಸಲಹೆ ಸಿಗುವುದೇ ಅಲ್ಲಿ, ಎಣ್ಣೆ ಕಾದಷ್ಟೂ ಸಲಹೆ ಗರಿಗರಿ. ಒಬ್ಬ, "ಮ್ಯಾನೇಜರ್‌ಗೆ ನಮ್ಮ ಕಡೆಯವ್ರಿಂದ ಒಂದು ಫೋನ್ ಹಾಕ್ಸು" ಎನ್ನುತ್ತಾನೆ. ಇನ್ನೊಬ್ಬ, "ಸುಮ್ನಿದ್ದುಬಿಡಪ್ಪ, ಸಾಲಮನ್ನಾ ಬತ್ತದೆ" ಎನ್ನುತ್ತಾನೆ, ಕಾರಿಗೂ ಸಾಲಮನ್ನಾ ಎಂಬ ಭರವಸೆಯಲ್ಲಿ. ಮೂರನೆಯವನು ಹಿರಿಯ, ಬಾಯಿಗೆ ಎಲೆಯಡಿಕೆ ಹಾಕಿಕೊಂಡ ಮೇಲೆ ತೀರ್ಪು ಕೊಡುವವನು: "ನೋಡು ಕಣಪ್ಪ, ಬ್ಯಾಂಕಿನೋರ ಜತೆ ಯಾಕೆ ಜಗಳ. ಅರ್ಧಕ್ಕೆ ಮಾತಾಡಿ ಕಟ್ಟಿ ಕೈ ತೊಳ್ಕೋ."

ನನಗೆ ಸಿಟ್ಟು ಬರುವುದು ಈ ಹಿರಿಯನ ಮೇಲೆ. ಮೊದಲಿನಿಬ್ಬರಿಂದ ಕೆಲಸ ಆಗುವುದಿಲ್ಲ, ಅಷ್ಟೇ. ಈತನಿಂದ ಕೆಲಸ ಕೆಡುತ್ತದೆ. ಹೊಲದ ಬದುವಿನ ಜಗಳದಲ್ಲಿ ಅರ್ಧ ಬಿಟ್ಟುಕೊಡುವುದು ದೊಡ್ಡತನ. ತೆಗೆದುಕೊಳ್ಳದ ಸಾಲದಲ್ಲಿ ಅರ್ಧ ಕಟ್ಟಿದರೆ, ಸಾಲ ನನ್ನದೇ ಎಂದು ಬರೆದುಕೊಟ್ಟ ಹಾಗೆ. ಸಾಲದ ವರದಿಯಲ್ಲಿ ಆ ಖಾತೆ 'ಮುಗಿದಿದೆ' ಎಂದು ತೋರಿಸುವುದಿಲ್ಲ, 'ಸೆಟಲ್ಡ್' ಎಂದು ತೋರಿಸುತ್ತದೆ. ಅಂದರೆ ಈತ ಪೂರ್ತಿ ಕಟ್ಟದ ಆಸಾಮಿ ಎಂದು ಮುಂದಿನ ಬ್ಯಾಂಕಿಗೆ ಚೀಟಿ ಬರೆದಂತೆ. ದುಡ್ಡೂ ಹೋಯಿತು, ಮಾನವೂ ಹೋಯಿತು, ಕಾರು ಮಾತ್ರ ಬುಲೆಟ್ ತಿಪ್ಪೇಸ್ವಾಮಿಯ ಮನೆ ಮುಂದೆ!

ಲೋಕ ಅದಾಲತ್ತಿನ ನೋಟಿಸು ಬಂದಾಗಲಂತೂ ಇನ್ನೂ ಹುಷಾರು. ಚಳ್ಳಕೆರೆಯಲ್ಲೂ ಮೊಳಕಾಲ್ಮೂರಿನಲ್ಲೂ ಕೋರ್ಟಿನ ಆವರಣದಲ್ಲಿ ಅದಾಲತ್ ನಡೆದಾಗ ಒಂದು ಹಬ್ಬದ ಕಳೆ ಇರುತ್ತದೆ. ಶುಲ್ಕವಿಲ್ಲ, ಅಲೆದಾಟವಿಲ್ಲ, ನ್ಯಾಯಾಧೀಶರೇ ಸಮಾಧಾನದಿಂದ ಮಾತಾಡುತ್ತಾರೆ. ನಿಜವಾಗಿ ಸಾಲ ಮಾಡಿ ಬಡ್ಡಿ ಬೆಳೆದವನಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಮಿನ ಪ್ರಕಾರ ಅಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ. ಸಹಿ ಹಾಕಿ ಹೊರಗೆ ಬಂದು "ಅಯ್ಯೋ, ಅದು ನಾನಲ್ಲ" ಎಂದರೆ ಕೇಳುವವರು ಹೊರಗಿನ ಎಳನೀರಿನವನೊಬ್ಬನೇ. ಅದಾಲತ್ತಿಗೆ ಹೋಗಿ, ತಪ್ಪಿಸಬೇಡಿ. ಹೋಗಿ ಹೇಳಬೇಕಾದ ಮಾತು: "ಈ ಸಾಲ ನನ್ನದಲ್ಲ, ರಾಜಿಗೆ ಒಪ್ಪಿಗೆ ಇಲ್ಲ." ಒಪ್ಪಿಗೆ ಇಲ್ಲದೆ ಯಾರೂ ರಾಜಿ ಮಾಡಿಸಲಾರರು.

ನಾಯಕನಹಟ್ಟಿಯ ಅಜ್ಜ "ಮಾಡಿದಷ್ಟು ನೀಡು ಭಿಕ್ಷೆ" ಎಂದದ್ದನ್ನು ಬಸ್ಸು, ಲಾರಿ, ಆಟೋಗಳ ಹಣೆಯ ಮೇಲೆಲ್ಲ ಬರೆಸಿಕೊಂಡವರು ನಾವು. ಮಾಡದ ಸಾಲಕ್ಕೆ ಕಂತು ನೀಡು ಎಂದು ಆತ ಎಲ್ಲಿಯೂ ಹೇಳಿಲ್ಲ.

ಹಾಗಾದರೆ ಏನು ಮಾಡುವುದು? ಬ್ಯಾಂಕಿನಲ್ಲಿ ಕೂಗಾಡಬೇಡಿ. ಅಲ್ಲಿರುವವರು ಹೋದ ತಿಂಗಳು ವರ್ಗವಾಗಿ ಬಂದವರು, ಮುಂದಿನ ವರ್ಷ ಹೋಗುವವರು. ನಿಮ್ಮ ಕೂಗು ಅವರ ಜತೆಗೇ ವರ್ಗವಾಗುತ್ತದೆ. ಒಂದು ಹಾಳೆಯಲ್ಲಿ ಬರೆದು ಕೇಳಿ: ಸಾಲದ ಅರ್ಜಿಯ ಪ್ರತಿ ಕೊಡಿ, ಸಹಿ ತೋರಿಸಿ, ವಾಹನದ ನಂಬರ್ ಹೇಳಿ, ಚಾಸಿ ನಂಬರ್ ಹೇಳಿ. ಮನುಷ್ಯರ ಹೆಸರು ಎಷ್ಟು ಸಲ ಬೇಕಾದರೂ ಮರುಕಳಿಸಬಹುದು, ಚಾಸಿ ನಂಬರ್ ಮರುಕಳಿಸುವುದಿಲ್ಲ. ಹದಿನೇಳು ಅಕ್ಷರ-ಅಂಕಿಗಳ ಆ ಸರಪಳಿ ಲೋಕದಲ್ಲಿ ಒಂದೇ ಗಾಡಿಗೆ. ಹರಕೆ ಹೊತ್ತು ಹುಟ್ಟಿದ ಕಾರು ಇನ್ನೂ ಬಂದಿಲ್ಲವಲ್ಲ. ವಾಹನದ ನಂಬರ್ ಸಿಕ್ಕರೆ ಸಾರಿಗೆ ಇಲಾಖೆಯ ದಾಖಲೆಯಲ್ಲಿ ಅದು ಯಾರ ಹೆಸರಿನಲ್ಲಿದೆ, ಯಾವ ಬ್ಯಾಂಕಿಗೆ ಅಡವಾಗಿದೆ ಎಂಬುದು ಹೊರಬರುತ್ತದೆ. ನೀವು ಹುಟ್ಟಿ ಬೆಳೆದದ್ದು ಕೆಎ-16ರ ಸೀಮೆ, ಕಾರು ಕೆಎ-34 ಎಂದು ಬಳ್ಳಾರಿ ಕಡೆ ಓಡಾಡುತ್ತಿದ್ದರೆ ಅಲ್ಲಿಗೆ ಅರ್ಧ ಕೇಸು ಗೆದ್ದಿರಿ.

ಇನ್ನರ್ಧ ಗೆಲ್ಲುವುದು ಫೈಲಿನಲ್ಲಿ. ಗೋಡೌನಿನಿಂದ ಅದು ಬರುವ ಹೊತ್ತಿಗೆ ದಾರ ಕಟ್ಟಿದ ಜಾಗದಲ್ಲಿ ಕಾಗದ ಹರಿದಿರುತ್ತದೆ, ಪಿನ್ನು ತುಕ್ಕು ಹಿಡಿದಿರುತ್ತದೆ. ಮೊದಲ ಪುಟದ ಬಲಗಡೆ ಪಾಸ್‌ಪೋರ್ಟ್ ಸೈಜಿನ ಫೋಟೋ, ಅರ್ಧ ಮುಖದ ಮೇಲೆ, ಅರ್ಧ ಕಾಗದದ ಮೇಲೆ ಹರಿದ ಸಹಿ, ಅದರ ಮೇಲೊಂದು ನೇರಳೆ ಮೊಹರು. ಮೊಹರಿನ ಕೆಳಗಿನಿಂದ ಒಂದು ದಪ್ಪ ಮೀಸೆ ಇಣುಕುತ್ತಿದೆ. ಎದುರಿಗೆ ನಿಂತ ನಮ್ಮ ತಿಪ್ಪೇಸ್ವಾಮಿಗೆ ಮೀಸೆಯೇ ಇಲ್ಲ. ಇಡೀ ಬ್ಯಾಂಕಿಂಗ್ ವ್ಯವಸ್ಥೆ ಕಂಡುಹಿಡಿಯಲಾರದ ಸತ್ಯವನ್ನು ಆ ಮೀಸೆ ಹೇಳಿಬಿಡುತ್ತದೆ. ಫೈಲು ತರಿಸುವ ತನಕ ಬಿಡಬೇಡಿ ಅನ್ನುವುದು ಇದಕ್ಕೇ.

ಬರೆದು ಕೊಟ್ಟ ಅರ್ಜಿಯ ಎರಡನೇ ಪ್ರತಿಯ ಮೇಲೆ ತಲುಪಿದ ದಿನಾಂಕ, ಸಹಿ, ಮೊಹರು ಹಾಕಿಸಿಕೊಳ್ಳಿ. ಲಿಪಿಕಾರನ ಗುರುತು ಇಲ್ಲದ ಕಾಗದ ಕಾಗದವೇ ಅಲ್ಲ ಎಂಬುದು ಮೊಳಕಾಲ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಹೊರತಂದದ್ದು. ತಂದೆತಾಯಿಯರ ಮಾತು ಕೇಳಿ, ಸತ್ಯ ಹೇಳಿ ಎಂದೆಲ್ಲ ಚಕ್ರವರ್ತಿಯ ಬುದ್ಧಿವಾದ ಮುಗಿದ ಮೇಲೆ ಬರೆದವನು ಚಪಡ ಎಂದು ಸಹಿ ಹಾಕಿದ್ದಾನೆ. ಹಾಕಿದ ಚಂದ ನೋಡಿ: ಹೆಸರು ಬ್ರಾಹ್ಮಿಯಲ್ಲಿ, ಹುದ್ದೆ ಮಾತ್ರ ದೂರದ ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ! ಊರಿನವರಿಗೆ ಓದಲು ಬಾರದ ಅಕ್ಷರದಲ್ಲಿ ಹುದ್ದೆ ತೋರಿಸುವ ಆ ಪದ್ಧತಿ ಇವತ್ತಿಗೂ ಕೌಂಟರಿನ ಮೊಹರುಗಳಲ್ಲಿ ಜೀವಂತವಾಗಿದೆ. ಆದರೂ ಚಪಡ ಹೊಣೆ ಹೊತ್ತು ಹೆಸರು ಹಾಕಿದ. ನಿಮ್ಮ ಅರ್ಜಿ ತೆಗೆದುಕೊಂಡವರೂ ಅಷ್ಟು ಮಾಡಲಿ.

ಆ ಮೊಹರಿನ ದಿನದಿಂದ ಲೆಕ್ಕ ಶುರು. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ತಪ್ಪು ಮಾಹಿತಿಯನ್ನು 30 ದಿನದೊಳಗೆ ಸರಿಪಡಿಸಬೇಕು. ಸರಿಪಡಿಸದಿದ್ದರೆ ಮುಂದಿನ ಒಂದೊಂದು ದಿನಕ್ಕೂ ದೂರು ಕೊಟ್ಟವನಿಗೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಹೇಳಿತು, 2024ರ ಏಪ್ರಿಲ್‌ನಿಂದ ಜಾರಿ. ಬ್ಯಾಂಕಿಗೆ 21 ದಿನ, ಉಳಿದದ್ದು ಸಿಬಿಲ್‌ನಂಥ ಕಂಪನಿಗೆ. ನೂರು ರೂಪಾಯಿ ಯಾವ ಮಹಾ ಎನ್ನಬೇಡಿ. ಬ್ಯಾಂಕಿಗೆ ನಾವು ದಂಡ ಕಟ್ಟಿದ್ದು ಗೊತ್ತು. ಬ್ಯಾಂಕು ನಮಗೆ ದಂಡ ಕಟ್ಟುವುದನ್ನು ನೋಡಲು ಟಿಕೆಟ್ ಇಟ್ಟರೂ ಜನ ಬರುತ್ತಾರೆ. ಸಾಲ ಪೂರ್ತಿ ತೀರಿಸಿಯೂ ಆರ್‌ಸಿ ಮೇಲಿನ ಬ್ಯಾಂಕಿನ ಹೆಸರು ಅಳಿಯದೆ ಫಾರಂ 35 ಹಿಡಿದು ಓಡಾಡುವವರ ಗೋಳು ಬೇರೆಯೇ. ಅವರಿಗೂ 2023ರ ಡಿಸೆಂಬರ್ 1ರಿಂದ ಒಂದು ನಿಯಮ ಇದೆ: 30 ದಿನ ದಾಟಿ ತಡವಾದರೆ, ತಪ್ಪು ಬ್ಯಾಂಕಿನದಾದರೆ, ದಿನಕ್ಕೆ 5,000.

ಮೂವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ "ನಿಯಮಾನುಸಾರ ಪರಿಶೀಲಿಸಲಾಗಿದೆ" ಎಂಬ ಅರ್ಥವಿಲ್ಲದ ಉತ್ತರ ಬಂದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2021ರ ನವೆಂಬರಿನಿಂದ ದೇಶಕ್ಕೆಲ್ಲ ಒಂದೇ ವ್ಯವಸ್ಥೆ. ಆನ್‌ಲೈನ್ ಬಾರದವರು ಕಾಗದವನ್ನು ಚಂಡೀಗಢಕ್ಕೆ ಅಂಚೆಯಲ್ಲಿ ಹಾಕಬೇಕು. ಕೋನಸಾಗರದ ನೇಕಾರನ ದೂರು ಚಂಡೀಗಢಕ್ಕೆ ಯಾಕೆ ಹೋಗಬೇಕು ಎಂದು ಕೇಳಿದರೆ, ಖರೋಷ್ಠಿ ಬ್ರಹ್ಮಗಿರಿಗೆ ಯಾಕೆ ಬಂತು ಎಂದು ನಾನೂ ಕೇಳುತ್ತೇನೆ. ಶುಲ್ಕವಿಲ್ಲ. ವಕೀಲರ ಮೂಲಕ ಕೊಡುವ ಹಾಗೂ ಇಲ್ಲ. ಇದನ್ನು ಓದುವ ವಕೀಲ ಮಿತ್ರರು ಕ್ಷಮಿಸಬೇಕು. ಅವರಿಗೆ ಚಿತ್ರದುರ್ಗದ ಗ್ರಾಹಕರ ಆಯೋಗ ಇದ್ದೇ ಇದೆ.

ಈ ನಡುವೆ ವಸೂಲಿಯವರು ಮನೆ ಬಾಗಿಲಿಗೆ ಬಂದರೆ? ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಅವರು ಫೋನನ್ನೂ ಮಾಡುವಂತಿಲ್ಲ. ತೋಳ್ಬಲ ತೋರಿಸಿ ವಾಹನ ಎಳೆದುಕೊಂಡು ಹೋಗಬಾರದು ಎಂದು ಸುಪ್ರೀಂ ಕೋರ್ಟು 2007ರಲ್ಲೇ ಗದರಿಸಿದೆ. ಕಂಬಳಿ ತಿಪ್ಪೇಸ್ವಾಮಿಯ ಮನೆಯಲ್ಲಿ ಎಳೆಯಲು ಇರುವುದು ಕುರಿಗಳು ಮಾತ್ರ. ಅವಕ್ಕೆ ಚಾಸಿ ನಂಬರ್ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ನಿಮ್ಮ ಕಿವಿಯಲ್ಲಿ. ಬ್ಯಾಂಕಿಗೆ ನುಗ್ಗುವ ಮೊದಲು ಮನೆಯಲ್ಲಿ ಕೂತು ಸ್ವಲ್ಪ ಜ್ಞಾಪಿಸಿಕೊಳ್ಳಿ. ಎಂದೋ ಜಾತ್ರೆಯ ಮಾರನೆಯ ದಿನ, ಹೋಳಿಗೆ ಊಟವಾದ ಮೇಲೆ, ಭಾವ ಬಂದು "ಏನಿಲ್ಲ, ಸುಮ್ನೆ ಸಾಕ್ಷಿಗೆ ಒಂದು ಸಹಿ" ಎಂದು ಇಂಗ್ಲಿಷ್ ಕಾಗದದ ಮೇಲೆ ಹಾಕಿಸಿಕೊಂಡು ಹೋಗಿರಲಿಲ್ಲವೇ? ಅದು ಸಾಕ್ಷಿಯಲ್ಲ, ಜಾಮೀನು. 1872ರ ಕರಾರು ಕಾಯ್ದೆಯ 128ನೇ ಕಲಮು ಜಾಮೀನುದಾರನ ಹೊಣೆಯೂ ಸಾಲಗಾರನಷ್ಟೇ ಎನ್ನುತ್ತದೆ. ಅಂಥ ಸಾಲ ನಿಮ್ಮ ವರದಿಯಲ್ಲಿ 'ಗ್ಯಾರಂಟರ್' ಎಂಬ ಹೆಸರಿನಲ್ಲಿ ಕೂತಿರುತ್ತದೆ. ಆಗ ತಪ್ಪು ಕಂಪ್ಯೂಟರಿನದಲ್ಲ, ಹೋಳಿಗೆಯದು. ಭಾವನನ್ನು ವಿಚಾರಿಸಿ, ಬ್ಯಾಂಕನ್ನಲ್ಲ.

ಮಗ್ಗದಲ್ಲಿ ಒಂದು ಎಳೆ ತಪ್ಪಿದ್ದು ಅಲ್ಲೇ ಕಂಡರೆ ನೇಕಾರ ಅಲ್ಲೇ ಬಿಚ್ಚಿ ಸರಿಮಾಡುತ್ತಾನೆ, ಸೆರಗಿಗೆ ಬಂದ ಮೇಲೆ ಕಂಡರೆ ಸೀರೆಯೇ ಹೋಯಿತು. ಆದ್ದರಿಂದ ಆಟೋ ಕೊಳ್ಳುವ ದಿನಕ್ಕೆ ಕಾಯಬೇಡಿ. ಸಾಲದ ಲೆಕ್ಕ ಇಡುವ ಕಂಪನಿಗಳು ದೇಶದಲ್ಲಿ ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಮೂರು ತಿಂಗಳಿಗೊಂದರಂತೆ ತರಿಸಿ ನೋಡಿ. ಮನೆಯಲ್ಲಿ ತಿಪ್ಪೇಸ್ವಾಮಿಗಳು ಇಬ್ಬರಿದ್ದರೆ ಇಬ್ಬರದನ್ನೂ ತರಿಸಿ, ಒಬ್ಬರದು ಇನ್ನೊಬ್ಬರಿಗೆ ಬಂದಿದೆಯೇ ಅಂತಲೂ ನೋಡಿಕೊಳ್ಳಿ.