ಗುದ್ದಲಿಕ್ಕೆ ಬೆನ್ನೆಲ್ಲಿದೆ?

ಸಿಂಧನೂರಿನ ಕಡೆ ನೆಲ್ಲಿನ ಗದ್ದೆಯ ನಡುವೆ ಗುಂಡಗೆ ಸುಟ್ಟಂತೆ ಕಾಣುವ ಒಂದು ತೇಪೆ. ರೈತ ಬದುವಿನ ಮೇಲೆ ನಿಂತು ಫೋಟೊ ಹೊಡೆದು ಮೊಬೈಲಿನ ಗ್ರೂಪಿಗೆ ಹಾಕುತ್ತಾನೆ: ‘ಅಣ್ಣಾರ, ಏನ್ ಎಣ್ಣಿ ಹೊಡೀಬೇಕ್ರಿ?’ ಚಾ ಆರುವುದರೊಳಗೆ ತಜ್ಞರು ಹಾಜರು. ‘ರೈತನ ಮಗ’ ಎಂಬವ ಯೂರಿಯಾ ಚೆಲ್ಲು ಅನ್ನುತ್ತಾನೆ. ಮುಖದ ಜಾಗದಲ್ಲಿ ಗುಲಾಬಿ ಹೂವಿಟ್ಟುಕೊಂಡವರೊಬ್ಬರು ಜಿಂಕ್ ಕಡಿಮೆ ಅನ್ನುತ್ತಾರೆ. ಮತ್ತೊಬ್ಬ, ಬೆಂಕಿ ರೋಗವೇ ಸೈ ಎಂದು ಷರಾ ಬರೆಯುತ್ತಾನೆ. ಇನ್ನೊಬ್ಬ ‘ಶುಭೋದಯ’ ಎಂದಷ್ಟೇ ಹೇಳಿ ಹೋಗುತ್ತಾನೆ. ರೈತನಿಗೆ ಎಲ್ಲರಿಗಿಂತ ಕಡಿಮೆ ನಷ್ಟ ಮಾಡಿದವ ಅವನೇ.

ಇಂಥ ತೇಪೆಗೆ ಕಾರಣವಾಗಬಲ್ಲ ಕಂದು ಜಿಗಿಹುಳು ಕೂರುವುದು ಬುಡದಲ್ಲಿ, ನೀರಿನ ಮಟ್ಟಕ್ಕೆ ಹತ್ತಿಕೊಂಡು. ಬದುವಿನ ಮೇಲಿಂದ ಹೊಡೆದ ಫೋಟೊದಲ್ಲಿ ಅದು ಬೀಳುವುದಿಲ್ಲ. ಕೆಸರಿಗಿಳಿದು, ತೆಂಡೆ ಸರಿಸಿ, ಬಗ್ಗಿ ನೋಡಬೇಕು. ಹುಳು ಕಂಡರೆ ನೀರು ಬಸಿದು, ಬುಡಕ್ಕೆ ತಾಗುವಂತೆ ಔಷಧ ಹೊಡೆಯಬೇಕು. ಯೂರಿಯಾ ಹೆಚ್ಚಾದಷ್ಟೂ ಹುಳಕ್ಕೆ ಹಬ್ಬ. ಆದರೆ ಗ್ರೂಪಿನಲ್ಲಿ ಹೆಬ್ಬೆರಳುಗಳೆಲ್ಲ ಎದ್ದು ನಿಂತದ್ದು ಯೂರಿಯಾದ ಪರ.

ನೀರಿಗೂ ವೋಟಿಂಗ್ ಆಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದ ಮೇಲೆ ಎಡದಂಡೆ ನಾಲೆಯ ರೈತರ ಎದೆಬಡಿತವೇ ಬೇರೆ. ಕಾಲುವೆಗೆ ನೀರು ಯಾವಾಗ, ಎಷ್ಟು ಎಂದು ಗೊತ್ತುಮಾಡುವುದು ನೀರಾವರಿ ಸಲಹಾ ಸಮಿತಿ. ಇತ್ತ ಗ್ರೂಪಿನಲ್ಲಿ, ‘ಎರಡನೇ ಬೆಳೆಗೆ ನೀರು ಬರ್ತದೋ ಇಲ್ಲೋ, ವೋಟ್ ಮಾಡ್ರಿ!’ ಬರ್ತದೆ ಅಂದವರದೇ ಬಹುಮತ. ಅವರಲ್ಲಿ ಕಾಲುವೆಯ ಕೊನೆಭಾಗದವರೆಷ್ಟು, ದುಬೈನಲ್ಲಿ ಕೂತು ಬೇಸರ ಕಳೆಯುವವರೆಷ್ಟು, ಯಾರೂ ಕೇಳುವುದಿಲ್ಲ. ಜಲಾಶಯವಂತೂ ಗ್ರೂಪಿನ ಸದಸ್ಯನಲ್ಲ.

ಲಿಂಗಸುಗೂರು ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿಯವರೂ ಮಗಳ ಮದುವೆಯ ಬಂಗಾರ ಇವತ್ತು ಕೊಳ್ಳಬೇಕೋ ಮುಂದಿನ ತಿಂಗಳೋ ಎಂದು ಕೇಳುವುದು ಗ್ರೂಪಿನ ಹೆಸರಿಲ್ಲದವನನ್ನು. (ನಾಳಿನ ದರ ಗಣಿಯವರಿಗೂ ಗೊತ್ತಿಲ್ಲ. ಆದರೆ ಅವರು ಗೊತ್ತಿಲ್ಲ ಅನ್ನುತ್ತಾರೆ.)

ಈಗ ಕೂಸಿನ ಹೆಸರೂ ಹೊರಗುತ್ತಿಗೆಗೆ ಹೋಗಿದೆ. ‘ಹೆಣ್ಣು ಮಗು, ಯ ಅಕ್ಷರ, ಯಾರಿಗೂ ಇರಬಾರದು, ಅರ್ಥ ಇರಬೇಕು.’ ನಮ್ಮ ಕಡೆ ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಊದುತ್ತಾಳೆ. ಊದುತ್ತಿದ್ದಂತೆ ಸುತ್ತ ನಿಂತ ಹೆಂಗಸರು, ಹುಡುಗರು ಆಕೆಯ ಬೆನ್ನಿಗೆ ಗುದ್ದುತ್ತಾರೆ. ಹೆಸರಿಟ್ಟವಳ ಬೆನ್ನು ಕೈಗೆಟುಕುವಷ್ಟು ಹತ್ತಿರ ಇರುತ್ತದೆ. ಗುಲಾಬಿ ಹೂವಿಗೆ ಬೆನ್ನೆಲ್ಲಿಂದ ತರುವುದು? ಹಿಂದೆ ಸಲಹೆ ಕೊಡುತ್ತಿದ್ದ ಕಟ್ಟೆಯ ಮೇಲಿನ ಹಿರಿಯರೇನೂ ಬೃಹಸ್ಪತಿಗಳಾಗಿರಲಿಲ್ಲ. ಅವರ ಮಾತು ಕೇಳಿ ಹೊಲ ಕಳೆದುಕೊಂಡವರೂ ಇದ್ದಾರೆ. ಆದರೆ ಕೆಟ್ಟ ಸಲಹೆ ಕೊಟ್ಟವ ಮರುದಿನ ಅದೇ ಚಾದಂಗಡಿಗೆ ಬರಬೇಕಿತ್ತು.

ಮಸ್ಕಿಯವರಿಗಂತೂ ಹೆಸರಿಲ್ಲದವರ ಸಲಹೆ ಕೇಳುವುದು ಶೋಭಿಸುವುದಿಲ್ಲ. ಚಿನ್ನ ಹುಡುಕಲು ಬಂದ ಎಂಜಿನಿಯರ್ ಬೀಡನ್‌ಗೆ 1915ರಲ್ಲಿ ಅಲ್ಲಿ ಸಿಕ್ಕಿದ್ದು ಶಾಸನ. ಅಲ್ಲಿಯವರೆಗೆ ದೊರೆತಿದ್ದ ಬಂಡೆ-ಕಂಬಗಳ ಉಪದೇಶಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ಉಪದೇಶಕ ಅಶೋಕನೇ ಎಂದು ಕಲ್ಲೇ ಹೇಳಿದ್ದು ಮಸ್ಕಿಯಲ್ಲಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಬುದ್ಧಿಮಾತಿಗೂ ಆ ಊರಲ್ಲಿ ಹೆಸರಿನ ದಾಖಲೆ ಇದೆ. ಅಂಥ ಊರಿನ ಬಸ್ ನಿಲ್ದಾಣದಲ್ಲಿ ಕೂತ ಹುಡುಗ ಕನ್ಯಾ ನೋಡಿ ಬಂದು, ‘ಒಪ್ಪಲೋ ಬೇಡವೋ, ತಿಳಿಸಿ ಫ್ರೆಂಡ್ಸ್’ ಅನ್ನುತ್ತಾನೆ!

ಬೆಳೆಗೆ ಹುಳ ಬಿದ್ದರೆ ಕಿಸಾನ್ ಕಾಲ್ ಸೆಂಟರ್ ಇದೆ: 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಕನ್ಯೆಯ ವಿಚಾರಕ್ಕೆ ಮಾತ್ರ ಆ ನಂಬರ್ ಒತ್ತಬೇಡಿ. ಮೊದಲು ಆ ಹುಡುಗಿಗೆ ನೀವು ಒಪ್ಪಿಗೆಯೋ, ಅದನ್ನು ಆಕೆಯನ್ನೇ ಕೇಳಿ.